ನೀರಿನ ಮೂಲ

ಖಸಬ್‌ನಲ್ಲಿ ಕಡಲನ್ನು ಸೋಸಿ ಸಿಹಿ ಮಾಡುತ್ತಾರೆ.
ಆ ಸಿಹಿಯನ್ನು ಗ್ಯಾಲನ್ನಿನಲ್ಲಿ ಅಳೆದು
ನನ್ನ ಬೆನ್ನಿಗೆ ಹೇರುತ್ತಾರೆ, ಸೋಮವಾರ, ಗುರುವಾರ.
ನಲವತ್ತೊಂದು ತಿರುವು. ಹದಿನೇಳು ಮೊದಲ ಗೇರಿನಲ್ಲೇ.
ಎಂಜಿನ್ ಕೆಮ್ಮಿದರೆ ಹಿಂದೆ ನೀರೂ ಹೊಯ್ದಾಡುತ್ತದೆ
ಬಿಟ್ಟು ಬಂದ ಅಲೆ ನೆನಪಾದ ಹಾಗೆ.

ಸಲ್ಹದ್ ಅನ್ನುವ ಊರು.
ಊರು ಅಂದರೆ ಒಂಬತ್ತು ಬಾಗಿಲು.
ಕಲ್ಲಿನ ಮೇಲೆ ಕಲ್ಲು, ನಡುವೆ ಗಾರೆಯಿಲ್ಲ,
ಅರ್ಧ ಮನೆ ನೆಲದೊಳಗೆ.
ಮೊದಲ ಸಲ ಕಂಡಾಗ
ಬೆಟ್ಟವೇ ಅಲ್ಲಲ್ಲಿ ಕುಕ್ಕರುಗಾಲಲ್ಲಿ ಕೂತಿದೆ ಅಂದುಕೊಂಡೆ.
ಆಗ ಮೇಲಿನ ಬಂಡೆಯಿಂದ ಯಾರೋ
ಅಂಗೈ ಬಾಯಿಗಿಟ್ಟು ಊಳಿಟ್ಟರು.
ತೋಳವೆಂದು ಗಾಜು ಏರಿಸಿದೆ.
ನೀರು ಬಂತು ಅಂತ ಆಚೆ ಕಣಿವೆಗೆ ಹೇಳಿದ್ದಂತೆ.
ಈಗ ನಾನೂ ಕಿಟಕಿಯಿಂದ ಊಳಿಡುತ್ತೇನೆ.
ಮಕ್ಕಳು ಹೊಟ್ಟೆ ಹಿಡಿದು ನಗುತ್ತಾರೆ:
ನಿನ್ನದು ಹೋತದ ಕೂಗು.

ನೀರಿನ ಜೊತೆ ಲೆಕ್ಕಕ್ಕೆ ಬಾರದ ಸಾಮಾನೂ ಹೋಗುತ್ತದೆ:
ಈರುಳ್ಳಿ, ಲೈಟರು, ಖಲ್ಫಾನನ ಕಣ್ಣಿಗೆ ಹನಿಮದ್ದು.
ಗುರುವಾರವಾದರೆ ಹಾಸ್ಟೆಲಿನಿಂದ ಅವನ ಮಗಳು ಆಫ್ರಾ,
ಗಣಿತದ ಪುಸ್ತಕ ತೊಡೆಯ ಮೇಲೆ, ಕಣ್ಣು ತಿರುವುಗಳ ಮೇಲೆ.
ಕೆಳಗೆ ನಿದ್ದೆ ಬರೋಲ್ಲ ಅನ್ನುತ್ತಾಳೆ,
ರಾತ್ರಿಯಿಡೀ ಕಡಲು ಮಾತಾಡ್ತಾನೇ ಇರುತ್ತೆ.

ಅವಳ ತಾಯಿ ಗುಮಾಶಾ. ಆ ಮನೆಯೊಳಗೆ
ಎದೆಯೆತ್ತರದ ಗುಡಾಣ, ತುಂಬ ಜವೆಗೋಧಿ.
ಬಾಗಿಲೋ, ನಾನೇ ಮೊಣಕಾಲೂರಿ ನುಸುಳಬೇಕು.
ಇದು ಒಳಗೆ ಹೇಗೆ ಬಂತು?
ಅದು ಬರಲಿಲ್ಲ, ಅಂದಳು. ಮನೆ ಬಂತು.
ಮೊದಲು ಗುಡಾಣ ಇಟ್ಟರಂತೆ. ಗೋಡೆ ಆಮೇಲೆ.
ಖರ್ಜೂರ ಹಣ್ಣಾಗುವಾಗ ಊರಿಗೆ ಊರೇ ತೀರಕ್ಕಿಳಿಯುತ್ತದೆ.
ಬೀಗ ಗೋಡೆಯ ಹೊಟ್ಟೆಯಲ್ಲಿ, ಮರದ್ದು;
ಮೊಣಕೈತನಕ ತೋಳು ತೂರಿಸಿ ತಡಕಬೇಕು,
ಕರು ಹಾಕುವ ಹಸುವಿಗೆ ಕೈಯಿಟ್ಟ ಹಾಗೆ.
ನಾನೂ ಒಮ್ಮೆ ನೋಡಿದೆ. ತೆರೆಯಲಿಲ್ಲ.

ಹೋದ ವರ್ಷ ಒಬ್ಬ ಗುಮಾಸ್ತ ಬಂದ, ಜನಗಣತಿಯವನು.
ಹನ್ನೆರಡನೇ ತಿರುವಿನಲ್ಲಿ ಅವನ ಕಾರು ಕೈಕೊಟ್ಟು
ನನ್ನ ಪಕ್ಕ ಹತ್ತಿ ಕೂತ, ಬೂಟಿನ ಧೂಳು ಒರೆಸುತ್ತ.
ಮನೆ ನಂಬರು? ಇಲ್ಲ.
ಕೋಣೆ? ಒಂದು.
ಕೆಳಗೆ ಸರ್ಕಾರಿ ಮನೆ ಕೊಟ್ಟರೆ ಹೋಗುತ್ತೀರಾ?
ಗುಮಾಶಾ ಗುಡಾಣದ ಕಡೆ ಗಲ್ಲ ಎತ್ತಿದಳು: ಅದನ್ನು ಕೇಳು.
ನೀರಿನ ಮೂಲ?
ಬೆರಳು ನೇರ ನನ್ನೆದೆಗೆ: ಇವನು.
ಅವನು ನಗದೆ ಬರೆದುಕೊಂಡ.
ಏನು ಬರೆದನೋ. ಹೆಸರಂತೂ ಕೇಳಲಿಲ್ಲ.

ನಮ್ಮ ಕಾಸರಕೋಡಿನ ಬಾವಿಗೆ
ಏಪ್ರಿಲ್ ಬಂತೆಂದರೆ ಉಪ್ಪು.
ಶರಾವತಿಯ ಬಾಯಲ್ಲೇ ಮನೆ, ನಾಲಗೆಗೆ ಹನಿಯಿಲ್ಲ.
ಸಿಗ್ನಲ್ ಸಿಗುವ ಒಂದೇ ಬಂಡೆ, ಅದರ ಮೇಲೆ ನಿಂತು
ಮೈಮೂನಾಳ ಮಾತು ಕೇಳುತ್ತೇನೆ:
ಪಂಚಾಯತಿ ಟ್ಯಾಂಕರ್ ಇವತ್ತೂ ಬರಲಿಲ್ಲ ಕಾಣಿ.
ಕೆಳಗೆ ತೊಟ್ಟಿಗೆ ನನ್ನ ಪೈಪು ಧೋ ಎನ್ನುತ್ತಿತ್ತು.
ಅದೇನು ಸದ್ದು ಅಂದಳು.
ಗಾಳಿ, ಅಂದೆ.

ಈ ಜನವರಿ ಮಳೆ ಬಂತು, ಎರಡು ರಾತ್ರಿ.
ರಸ್ತೆ ಬಿಟ್ಟ ಮೇಲೆ ಎಂದಿನಂತೆ ತುಂಬಿಸಿಕೊಂಡು ಹೋದೆ.
ತೊಟ್ಟಿಗಳು ಕಂಠಮಟ್ಟ.
ಚಾಪೆಯಗಲದ ಹೊಲಗಳಲ್ಲಿ, ಬುಟ್ಟಿ ಬುಟ್ಟಿ ಹೊತ್ತು
ಯಾರ ಮುತ್ತಾತನೋ ಹರಡಿದ ಮಣ್ಣು ಕಪ್ಪಾಗಿ ನೆನೆದಿತ್ತು.
ಯಾರೂ ಊಳಿಡಲಿಲ್ಲ.
ಗುಮಾಶಾ ಬಟ್ಟಲು ಚಾಚಿದಳು: ಕುಡಿ, ಇದು ನಮ್ಮದು.
ಕಲ್ಲಿನ ರುಚಿ, ಸ್ವಲ್ಪ ಆಡಿನದು.
ನಾನು ತಂದದ್ದನ್ನು ಏನು ಮಾಡಲಿ?
ಖಲ್ಫಾನ್ ಕೋಲಿನ ತುದಿಯ ಪುಟ್ಟ ಕೊಡಲಿಗೆ ಗಲ್ಲವೂರಿ
ಬಹಳ ಹೊತ್ತು ಯೋಚಿಸಿದ.
ಕೆಳಗೆ ಒಯ್ಯಿ, ಅದರ ಊರಿಗೆ ಬಿಡು.

ತುಂಬಿದ ಟ್ಯಾಂಕರ್, ಇಳಿಜಾರು, ನಲವತ್ತೊಂದು ತಿರುವು,
ಬ್ರೇಕು ಸುಟ್ಟ ವಾಸನೆ.
ಡಿಪೋದವನು ಪುಸ್ತಕ ಹಿಂದೆ ಮುಂದೆ ಮಗುಚಿದ.
ವಾಪಸ್ ಬಂದ ನೀರಿಗೆ
ಅವನ ಬಳಿ ರಸೀದಿಯಿರಲಿಲ್ಲ.